ಕೊರ್ಮಕ್ ಕೊಡಿಸಿದ ಸುತ್ತು

ಬಾರಿನ ಕಟ್ಟೆಯ ಮೇಲೆ ಜಾರಿಬಂದ ಕಪ್ಪು ಬಿಯರಿನ ಗ್ಲಾಸನ್ನು ಮ್ಯೂರಿನ್ ಅಂಗೈ ಒಡ್ಡಿ ತಡೆದಳು. ನೊರೆ ತುಳುಕಿ ಬೆರಳಿಗೆ ಅಂಟಿತು.

"ಕುಡಿಯೇ ತಾಯಿ, ವಿಷ ಬೆರೆಸಿಲ್ಲ," ಎಂದ ಪ್ರಕಾಶಕ ಕೊರ್ಮಕ್. ಅವನು ಹೊರತಂದ ಹಿರಿಯ ಕವಿಯ ಸಂಕಲನವನ್ನು ಅವಳು ಆ ಬೆಳಗಿನ ಪತ್ರಿಕೆಯಲ್ಲಿ ಹಳಸಲು ಎಂದು ವಿಮರ್ಶಿಸಿದ್ದಳು. "ಮುದುಕ ನೋಡು, ಮೂಲೇಲಿ ಮುಖ ಊದಿಸ್ಕೊಂಡು ಕೂತಿದಾನೆ. ಆ ವಿಮರ್ಶೆ ಆತುರದಲ್ಲಿ ಬರೆದೆ ಅಂತ ನಾಳೆ ಪತ್ರಿಕೇಲಿ ಒಂದು ಸಾಲು ಹಾಕ್ಬಿಡು. ನನ್ನ ಮೇಜಿನ ಮೇಲಿರೋ ನಿನ್ನ ಕವಿತೆಗಳು ಬರೋ ವಸಂತಕ್ಕೆ ಪುಸ್ತಕ ಆಗ್ತವೆ."

"ಓದಿದೀಯಾ ಅವನ್ನ?"

"ಓದೋದೇನು ಬಿಡೇ! ನಮ್ಮ ಗಾಲ್ವೇ ಊರು ಅಂದ್ರೆ ಒಂದೇ ಅಡುಗೆಮನೆ. ಇಲ್ಲಿ ಯಾರೂ ಇನ್ನೊಬ್ಬರ ಸೂಪಿಗೆ ಉಪ್ಪು ಕಮ್ಮಿ ಅನ್ನಲ್ಲ."

ಅವನು ಕೈಯೆತ್ತಿ ಎಲ್ಲರಿಗೂ ಇನ್ನೊಂದು ಸುತ್ತು ಬಿಯರ್ ಹೇಳಿದ. ಆ ಊರಿನಲ್ಲಿ ಒಬ್ಬರು ಕೊಡಿಸಿದ್ದನ್ನು ಕುಡಿದವರು ಮುಂದಿನ ಸುತ್ತು ಕೊಡಿಸಲೇಬೇಕು. ಒಮ್ಮೆ ಸೇರಿದರೆ ನಡುವೆ ಏಳುವಂತಿಲ್ಲ. ಮ್ಯೂರಿನ್ ಬೆರಳಿನ ನೊರೆಯನ್ನು ನೆಕ್ಕದೆ ಪ್ಯಾಂಟಿಗೆ ಒರೆಸಿಕೊಂಡಳು. ತುಂಬಿದ ಗ್ಲಾಸನ್ನು ಅವನತ್ತಲೇ ತಳ್ಳಿದಳು.

"ಸುತ್ತಿನಲ್ಲಿ ನೀನೂ ಇದೀಯೇನಮ್ಮಾ?" ಬಾರಿನವನು ಕೇಳಿದ.

"ಇಲ್ಲ," ಎಂದಳು.