ಭಾಗೀರಥಿಯ ವಿಟಮಿನ್

ಕ್ರೀಡಾ ವಿಜ್ಞಾನಿಗೆ ಸನ್ಮಾನವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಹೊದಿಸಿದ ಶಾಲು ಇನ್ನೂ ಹೆಗಲ ಮೇಲೆಯೇ ಇತ್ತು. ಅಷ್ಟರಲ್ಲಿ ಫೋನು ಬಂತು.

"ಸರ್, ಭಾಗೀರಥಿ..." ಎಂದಿತು ಒಂದು ಗೊಗ್ಗರು ದನಿ.

ಎರಡು ವರ್ಷದ ಹಿಂದೆ ಅವನ ಕ್ಯಾಂಪಿನಲ್ಲಿ ಪಳಗಿ ಓಟದಲ್ಲಿ ಪದಕ ಗೆದ್ದು ಊರು ಸೇರಿದ್ದ ಹುಡುಗಿಯ ಹೆಸರು ಅದು. ಹೀಗೆ ಫೋನು ಮಾಡುವ ಎಷ್ಟೋ ಅಪ್ಪಂದಿರಿಗೆ ಸಮಾಧಾನ ಹೇಳಿ ರೂಢಿಯಾದವನು ಆತ. ಮಾತು ಮುಗಿಯಲೂ ಬಿಡಲಿಲ್ಲ.

"ಓ, ಭಾಗೀರಥಿ ತಂದೆಯವರಾ? ಹೇಳಿ ಯಜಮಾನ್ರೇ."

"ಕ್ಯಾಂಪಲ್ಲಿ ವಾರವಾರ ಚುಚ್ತಿದ್ರಲ್ಲ, ಅದೇನು ಸರ್?"

"ವಿಟಮಿನ್ನು. ಶಕ್ತಿ ಬರ್ಲಿ ಅಂತ."

"ಅದರಿಂದ ಮೈಗೇನೂ ಆಗಲ್ವಾ?"

"ಛೆ ಛೆ! ನನ್ನ ಸ್ವಂತ ಮಗಳಿಗೂ ಅದನ್ನೇ ಕೊಟ್ಟಿದೀನಿ."

ಅವನ ಮಗಳು ಆ ಮದ್ದಿನ ಸೀಸೆಯನ್ನು ಕಣ್ಣಲ್ಲೂ ಕಂಡವಳಲ್ಲ.

"ಹೆಣ್ಣು ನೋಡೋಕೆ ಬಂದೋರು ದನಿ ಕೇಳಿದ ಕೂಡ್ಲೇ ಎದ್ದು ಹೋಗ್ತಾರೆ ಸರ್."

"ಹುಡುಗಿಗೆ ಧೈರ್ಯ ಸಾಲದು, ಅಷ್ಟೇ. ಫೋನು ಅವಳ ಕೈಗೆ ಕೊಡಿ, ನಾನೇ ಬುದ್ಧಿ ಹೇಳ್ತೀನಿ."

"ಫೋನು ಅವಳ ಕೈಲೇ ಇದೆ ಸರ್."