ಹಸಿವಿನ ಚಿತ್ರ

ಓಣಿಯ ಚಿತ್ರಸ್ಪರ್ಧೆಗೆ ಅವರವರ ಮನೆಯಂಗಳವೇ ಹಾಳೆ, ವಿಷಯ 'ಜಗತ್ತಿನ ಹಸಿವು'. ನೀಲಗಂಗಮ್ಮ ಮುಂಜಾನೆಯಿಂದ ಕೂತು ಬಣ್ಣದಲ್ಲಿ ದೊಡ್ಡದೊಂದು ತಾಟು ಬರೆದು, ಅದರೊಳಗೆ ಅಕ್ಕಿನುಚ್ಚಿನಿಂದ ಅನ್ನದ ರಾಶಿ ಬಿಡಿಸಿದಳು. ಚಹಾ ಕುಡಿದು ಬರುವಷ್ಟರಲ್ಲಿ ಪಕ್ಕದ ಮನೆ ಹೊನ್ನವ್ವನ ಕೋಳಿಗಳು ಅಷ್ಟನ್ನೂ ಹೆಕ್ಕಿ ತಿಂದಿದ್ದವು.

"ನಿನ್ನ ಕೋಳಿ ಹಾಳಾಗಿ ಹೋಗ್ಲಿ!" ಎಂದು ಅವಳು ಜಗಳಕ್ಕೆ ನಿಲ್ಲುವುದಕ್ಕೂ ತೀರ್ಪುಗಾರರು ಬರುವುದಕ್ಕೂ ಸರಿಹೋಯಿತು.

ಹಿರಿಯ ಡ್ರಾಯಿಂಗ್ ಮಾಸ್ತರರು ತಾಟನ್ನೇ ನೋಡುತ್ತ ನಿಂತು ಕಣ್ಣೊರೆಸಿಕೊಂಡರು.

"ಎಲ್ಲಾರೂ ಬಡಕಲ ಮಕ್ಕಳ ಚಿತ್ರ ತಗದಾರ. ನೀವೊಬ್ರೇ ಖಾಲಿ ತಾಟು ತಗದೀರಿ. ಮೊದಲ್ನೇ ಬಹುಮಾನ ನಿಮಗೇ. ಇದು ಹೆಂಗ ಹೊಳೀತ್ರೀ ಅಕ್ಕಾರ?"

ನೀಲಗಂಗಮ್ಮ ಹೊನ್ನವ್ವನ ಕಡೆ ತಿರುಗಿಯೂ ನೋಡಲಿಲ್ಲ.

"ಮೂರು ದಿನಾ ನಿದ್ದಿಗೆಟ್ಟು ವಿಚಾರ ಮಾಡೀನ್ರಿ."