ಏಮಸನ ಕಾವಲು

ಸಾರ್ಜೆಂಟ್ ಗಿಲ್ಬಿ ಅಂದೂ ಸೂಪಿನ ಪಾತ್ರೆ ಹಿಡಿದು ಆಸ್ಪತ್ರೆಯ ಕಡೆ ಹೊರಟಾಗ, ಬಟ್ಟೆ ಒಗೆಯುತ್ತಿದ್ದ ಹೆಂಗಸರು ಮುಖಮುಖ ನೋಡಿಕೊಂಡರು. ಒಳಗೆ ಜ್ವರದಲ್ಲಿ ಬೇಯುತ್ತಿದ್ದವನು ಕಾರ್ಪೊರಲ್ ಏಮಸ್ ಟಾಲರ್ಡ್. ಅವನ ಹೆಂಡತಿ ಡಾರ್ಕಸ್‌ಗೆ ಇನ್ನೂ ಹರೆಯವಿತ್ತು. ಗಿಲ್ಬಿ ಒಂಟಿ. ಊರ ಬಾಯಿಗೆ ಇಷ್ಟು ಸಾಕು.

"ಆ ಸೂಪಿಗೆ ಏನು ಬೆರೆಸ್ತಾನೋ ದೇವರಿಗೇ ಗೊತ್ತು," ಎಂದಳು ನೋರಾ. ಇದೇ ಪಲ್ಟನ್ನಿನ ಮೂವರು ಗಂಡಂದಿರನ್ನು ಮಣ್ಣು ಮಾಡಿ ನಾಲ್ಕನೆಯವನ ಅಂಗಿ ಒಗೆಯುತ್ತಿದ್ದವಳು ಅವಳು. ಅವಳ ಮಾತಿಗೆ ತೂಕವಿತ್ತು.

ಇಂಗ್ಲೆಂಡಿನಿಂದ ಪಲ್ಟನ್ ಆಫ್ರಿಕದ ಕೀಸ್ಕಮಾ ನದಿಯ ದಡದ ಈ ಕೋಟೆಗೆ ಬಂದು ಒಂಬತ್ತು ವರ್ಷವಾಗಿತ್ತು. ಯುದ್ಧವೆಂದು ಕರೆತಂದಿದ್ದರು. ಯಾರ ದನ ಯಾರು ಹೊಡೆದುಕೊಂಡು ಹೋದರೆಂದು ಹುಡುಕುವುದರಲ್ಲೇ ಅರ್ಧ ಆಯಸ್ಸು ಮುಗಿಯಿತು. ಊರಿಗೆ ಮರಳುವ ಹಡಗಿನ ಸುದ್ದಿ ಪ್ರತಿ ಬೇಸಿಗೆಯಲ್ಲೂ ಬರುತ್ತಿತ್ತು, ಹಡಗು ಬರುತ್ತಿರಲಿಲ್ಲ. ಈಗ ಬೇಸರಪಟ್ಟುಕೊಳ್ಳಲೂ ಯಾರಿಗೂ ತ್ರಾಣವಿರಲಿಲ್ಲ. ಉಳಿದದ್ದು ಬೇರೆಯವರ ಸಂಸಾರದ ಮಾತೊಂದೇ.

ಏಮಸನ ಸಂಸಾರ ಶುರುವಿನಿಂದಲೂ ಸರಿಯಿಲ್ಲ ಎಂದು ನೋರಾ ಹೇಳುತ್ತಿದ್ದಳು. ಹೊರಡುವಾಗ ಹೆಂಡತಿಯರಿಗೆಲ್ಲ ಹಡಗಿನಲ್ಲಿ ಜಾಗವಿರಲಿಲ್ಲ. ಟೋಪಿಯಲ್ಲಿ ಚೀಟಿ ಹಾಕಿ ಎತ್ತಿಸಿದರು. 'ಹೋಗು' ಬಂದವಳು ಗಂಡನ ಜೊತೆಗೆ, 'ಇರು' ಬಂದವಳು ದಡದಲ್ಲೇ. ಕರ್ನಲ್ಲನ ಅಪ್ಪಣೆಯಿಲ್ಲದೆ ಕದ್ದು ಮದುವೆಯಾದವರ ಹೆಂಡತಿಯರಿಗೆ ಚೀಟಿಯೂ ಇಲ್ಲ, ಲೆಕ್ಕವೂ ಇಲ್ಲ. ಏಮಸ್ ಬೇರೆ ಪಲ್ಟನ್ನಿನಿಂದ ಆಗಷ್ಟೇ ಬಂದು ಸೇರಿದ್ದ. ಅವನ ಹೆಂಡತಿ ಆಫ್ರಿಕಕ್ಕೆ ಬರಲಾರೆ, ತವರಿಗೆ ಹೋಗುತ್ತೇನೆ ಎಂದು ಹಟ ಹಿಡಿದು ಮನೆಯಿಂದ ಹೊರಗೇ ಬರಲಿಲ್ಲವಂತೆ. ಅವಳ ಪರವಾಗಿ ಅವನೇ ಚೀಟಿ ಎತ್ತಿದ. 'ಹೋಗು' ಬಂತು. ಮಾರನೆಯ ಬೆಳಗ್ಗೆ ಶಾಲು ಮುಚ್ಚಿಕೊಂಡು, ಅಳುತ್ತ, ಎಲ್ಲರಿಗಿಂತ ಕೊನೆಗೆ ಹಡಗು ಹತ್ತಿದಳು. ಒಲ್ಲದವಳನ್ನು ಎಳೆದು ತಂದರೆ ಹೀಗೇ ಆಗುವುದು ಎಂಬುದು ನೋರಾಳ ತೀರ್ಪು.

ಬ್ಯಾರಕ್ಕಿನ ಮೂಲೆಯಲ್ಲಿ ಕಂಬಳಿ ಇಳಿಬಿಟ್ಟು ಮರೆ ಮಾಡಿಕೊಂಡದ್ದೇ ಅವರ ಮನೆ. ಏಮಸ್ ಅಲ್ಲಿ ಮಲಗಿದ್ದನ್ನು ಕಂಡವರು ಕಡಿಮೆ. ಬೇರೆಯವರ ಕಾವಲು ಪಾಳಿಯನ್ನೂ ಕೇಳಿ ಪಡೆದು ಗೋಡೆಯ ಮೇಲೆ ನಿಂತಿರುತ್ತಿದ್ದ. ಡಾರ್ಕಸ್ ಉಂಗುರವನ್ನು ಬೆರಳಿಗೆ ಹಾಕದೆ ದಾರದಲ್ಲಿ ಪೋಣಿಸಿ ಕೊರಳಿಗೆ ಕಟ್ಟಿಕೊಂಡಿದ್ದಳು. ಕೇಳಿದರೆ ಸೋಪಿನ ನೀರಿಗೆ ಜಾರುತ್ತದೆ ಎನ್ನುತ್ತಿದ್ದಳು. ಗಿಲ್ಬಿಯ ಅಂಗಿಯ ಗುಂಡಿಗಳನ್ನು ಮಾತ್ರ ಉದುರಿದ ದಿನವೇ ಹೊಲಿದುಕೊಡುತ್ತಿದ್ದಳು.

ಏಮಸ್ ಉಳಿಯುವುದಿಲ್ಲವೆಂದು ಡಾಕ್ಟರು ಕೈಚೆಲ್ಲಿದರು. ಗಂಡ ಸತ್ತವಳಿಗೆ ಕೆಲವು ವಾರದ ರೇಷನ್ ಸಿಗುತ್ತಿತ್ತು. ಅಷ್ಟರೊಳಗೆ ಪಲ್ಟನ್ನಿನಲ್ಲೇ ಇನ್ನೊಬ್ಬನ ಕೈ ಹಿಡಿಯದಿದ್ದರೆ ಎತ್ತಿನ ಗಾಡಿ ಹತ್ತಿಸಿ ಬಂದರಿಗೆ ಸಾಗಿಸುತ್ತಿದ್ದರು. ಡಾರ್ಕಸ್‌ಗೆ ಕಡಲಾಚೆ ಯಾರೂ ಇರಲಿಲ್ಲ.

ಕೊನೆಯ ದಿನ ಏಮಸ್ ಎರಡು ಗುಟುಕು ಸೂಪು ಕುಡಿದು ಪಾತ್ರೆ ಸರಿಸಿದ. "ನಿಂತು ನಿಂತು ಸಾಕಾಗಿದೆ ಗಿಲ್ಬಿ. ಕಾವಲು ಬದಲಾಯಿಸ್ಕೋಪ್ಪಾ."

"ನನ್ನ ಪಾಳಿನೂ ನೀನೇ ಮಾಡಿದೆ ಮಾರಾಯ," ಎಂದ ಗಿಲ್ಬಿ. "ಇನ್ನು ಮಲ್ಕೋ."

ಆಸ್ಪತ್ರೆಯ ಆಳು ಈ ಮಾತನ್ನು ಹಾಗೇ ಒಗೆಯುವ ಕಲ್ಲಿನವರೆಗೆ ಮುಟ್ಟಿಸಿದ. ಸಾಯುವವನ ಕೈಯಿಂದಲೇ ಹೆಂಡತಿಯನ್ನು ಬರೆಸಿಕೊಂಡನಲ್ಲ ಎಂದು ನೋರಾ ಥೂ ಅಂದಳು.

ಏಮಸನನ್ನು ಹೂಳಲು ಹೋಗುವಾಗ ಬ್ಯಾಂಡಿನವರು ಶೋಕದ ವಾದ್ಯ ನುಡಿಸಿದರು. ಬರುವಾಗ ಪದ್ಧತಿಯಂತೆ ಕುಣಿತದ್ದು. ಡಾರ್ಕಸ್ ಒಡಹುಟ್ಟಿದವನನ್ನು ಕಳೆದುಕೊಂಡವಳಂತೆ ಬಿಕ್ಕಿ ಬಿಕ್ಕಿ ಅತ್ತಳು. ಹಿಂದಿರುಗುವ ದಾರಿಯಲ್ಲೇ ಇಬ್ಬರು ಅವಳ ಕೈ ಕೇಳಿದರು. ಅದೂ ಪದ್ಧತಿಯೇ, ಯಾರೂ ತಪ್ಪು ತಿಳಿಯಲಿಲ್ಲ. ಅವಳು ಒಲ್ಲೆನೆಂದು ತಲೆಯಾಡಿಸಿ ನಡೆದಳು. ಗಿಲ್ಬಿ ಮಾತ್ರ ಅವಳನ್ನು ಕೇಳಲೇ ಇಲ್ಲ. ನೇರವಾಗಿ ಕರ್ನಲ್ಲನ ಬಾಗಿಲಿಗೆ ಹೋಗಿ ಅಪ್ಪಣೆ ತಂದ.

ಮದುವೆಗೆ ಕೋಟೆಯ ಹೆಂಗಸರೆಲ್ಲ ಬಂದರು, ಹರಸಲಿಕ್ಕಲ್ಲ. ಪಾದ್ರಿ ಉಂಗುರ ಕೇಳಿದಾಗ ಗಿಲ್ಬಿಯ ಕೈ ಬರಿದಾಗಿತ್ತು. ಡಾರ್ಕಸ್ ಕೊರಳಿನ ದಾರ ಬಿಚ್ಚಿ, ಅದರಲ್ಲಿದ್ದ ಉಂಗುರವನ್ನು ಅವನ ಅಂಗೈಗೆ ಇಟ್ಟಳು.

"ಸತ್ತವನ ಉಂಗುರ ಕಣ್ರೇ," ಎಂದಳು ನೋರಾ, ಎಲ್ಲರಿಗೂ ಕೇಳುವ ಹಾಗೆ. "ಗೋರಿ ಮಣ್ಣಿನ್ನೂ ಒಣಗಿಲ್ಲ."

ಒಂಬತ್ತು ವರ್ಷ ಬಟ್ಟೆ ಒಗೆದು ದಪ್ಪಗಾದ ಬೆರಳು. ಉಂಗುರ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಗಿಲ್ಬಿ ಅದನ್ನು ಮೆಲ್ಲಗೆ ತಿರುವುತ್ತ, ಅವಳೊಬ್ಬಳಿಗೇ ಕೇಳುವಂತೆ ಬಗ್ಗಿ ಹೇಳಿದ:

"ಊರಲ್ಲಿ ಕದ್ದು ಮದುವೆಯಾದ ದಿನ ನಾನು ಇದನ್ನ ಹಾಕಿದಾಗ ಎಷ್ಟು ಸಡಿಲ ಇತ್ತಲ್ವೇನೇ, ಡಾರ್ಕಸ್."